ಒಂಬತ್ತನೇ ಕೋಣೆಯ ಅಂಗಿ

ಒಗೆಯಲು ಬಂದ ಐದನೇ ಕೋಣೆಯ ಚೀಲದಲ್ಲಿದ್ದ ಮಗುವಿನ ಚಡ್ಡಿಯ ಜೇಬಿನಿಂದ ಮೂರು ಬೆಣಚುಕಲ್ಲು, ಒಂದು ಗುಂಡಿ, ಅರ್ಧ ತಿಂದ ಬಿಸ್ಕತ್ತು ಹೊರಬಂದವು. ಕಲ್ಲು ಮತ್ತು ಗುಂಡಿಯನ್ನು ಅವಳು ಕಿಟಕಿಯ ಕಟ್ಟೆಯ ಮೇಲಿದ್ದ ಐದನೇ ನಂಬರಿನ ಬಟ್ಟಲಿಗೆ ಹಾಕಿದಳು. ಬಿಸ್ಕತ್ತನ್ನು ಕಿಟಕಿಯಾಚೆ ಕಾಗೆಗೆ ಎಸೆದು, ಜೇಬನ್ನು ಹೊರಮಗ್ಗುಲಿಗೆ ತಿರುವಿ ಮೂಲೆಯ ಧೂಳನ್ನು ಬೆರಳಿನಿಂದ ಕೊಡವಿದಳು. ಜೇಬು ನೋಡದೆ ಒಂದು ಬಟ್ಟೆಯೂ ನೀರಿಗಿಳಿಯಬಾರದು ಎನ್ನುವುದು ಅವಳು ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರದೋ ಜೇಬಿನಲ್ಲಿದ್ದ ಕಾಗದ ಯಂತ್ರದೊಳಗೆ ಅರೆದು ಹಿಟ್ಟಾಗಿ, ಇಪ್ಪತ್ತು ಟವೆಲುಗಳಿಗೆ ಬಿಳಿಯ ಹೊಟ್ಟಿನಂತೆ ಅಂಟಿಕೊಂಡಿತ್ತು. ಯಾರು ಬರೆದದ್ದೋ, ಏನು ಬರೆದಿತ್ತೋ. ಆ ಹೊಟ್ಟನ್ನು ಒಂದೊಂದಾಗಿ ಬಿಡಿಸುತ್ತ ಕೂತ ಮಧ್ಯಾಹ್ನದಿಂದ ಈಚೆಗೆ, ಏಳು ವರ್ಷದಲ್ಲಿ, ಅವಳ ಕೈ ಒಂದು ಜೇಬನ್ನೂ ತಪ್ಪಿಸಿರಲಿಲ್ಲ.

ಕೆರೆಯ ದಂಡೆಯ ಈ ಉದ್ದನೆಯ ಕಟ್ಟಡ ಒಂದು ಕಾಲಕ್ಕೆ ಮಕ್ಕಳ ವಸತಿಶಾಲೆಯಾಗಿತ್ತು. ಈಗ ಇಲ್ಲಿಗೆ ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡವರು ಬರುತ್ತಾರೆ. ಹತ್ತು ದಿನ ಇರುತ್ತಾರೆ. ನಿದ್ದೆ ಮಾಡುತ್ತಾರೆ, ಕೆರೆಯ ಸುತ್ತ ನಡೆಯುತ್ತಾರೆ, ಸಂಜೆ ದೊಡ್ಡ ಕೋಣೆಯಲ್ಲಿ ವೃತ್ತವಾಗಿ ಕೂತು ಮಾತಾಡುತ್ತಾರೆ ಅಥವಾ ಸುಮ್ಮನಿರುತ್ತಾರೆ. "ಮೊದಲ ಮೂರು ದಿನ ಯಾರೂ ಉಣ್ಣಲ್ಲ, ಕೊನೇ ಮೂರು ದಿನ ಪಾತ್ರೆ ತಳ ಕೆರೀತಾರೆ. ಮಧ್ಯದ ನಾಲ್ಕು ದಿನವೇ ನಂಗೆ ಲೆಕ್ಕಕ್ಕೆ ಸಿಗಲ್ಲ" ಎಂದು ಅಡುಗೆಯವನು ಹೇಳುತ್ತಿರುತ್ತಾನೆ.

ಅವಳೂ ಹಾಗೆ ಹತ್ತು ದಿನಕ್ಕೆಂದು ಬಂದವಳೇ. ಎರಡನೇ ತಂಡದಲ್ಲಿ. ಹನ್ನೊಂದನೇ ದಿನ ಬೆಳಿಗ್ಗೆ ಬಸ್ಸು ಬಂದಾಗ ಎಲ್ಲರೂ ತಮ್ಮ ತಮ್ಮ ಊರಿನ ಹೆಸರು ಬರೆಸಿ ಹತ್ತಿದರು. ಅವಳಿಗೆ ಬರೆಸುವುದಕ್ಕೆ ಊರೇನೋ ಇತ್ತು, ಮನೆ ಇರಲಿಲ್ಲ. ಗಂಡನೊಡನೆ, ಅವನ ಬಟ್ಟೆಬರೆಯೊಡನೆ, ಗೋಡೆಯ ಮೊಳೆಗಳೊಡನೆ ಸುಟ್ಟುಹೋಗಿತ್ತು. ಆಗಿನ ಮೇಲ್ವಿಚಾರಕಿ ಅವಳನ್ನು ಒಂದು ಗಳಿಗೆ ನೋಡಿ, "ಚಾದರ ಮಡಿಸೋಕೆ ಬರತ್ತಾ?" ಎಂದು ಕೇಳಿದ್ದರು. ಬರುತ್ತದೆ ಎಂದಿದ್ದಳು. ಅಂದಿನಿಂದ ಒಗೆಯುವ ಕೋಣೆಯ ಹಿಂದಿನ ಸಣ್ಣ ಕೋಣೆಯೇ ಅವಳ ಮನೆ. ಅಲ್ಲಿನವರೆಲ್ಲರ ಬಾಯಲ್ಲಿ ಅವಳು ಚಾದರಕ್ಕ. ಬಂದವರ ಹೆಸರನ್ನು ಅವಳು ಕಲಿಯುವುದಿಲ್ಲ. ಹತ್ತು ದಿನಕ್ಕೆ ಕಲಿತ ಹೆಸರನ್ನು ಹನ್ನೊಂದನೇ ದಿನ ಏನು ಮಾಡುವುದು? ಕೋಣೆಯ ನಂಬರು ಸಾಕು. ಹೋಗುವಾಗ ಕೆಲವರು ಅವಳನ್ನು ಅಪ್ಪಿಕೊಂಡು ಅಳುತ್ತಾರೆ, ಕಾಗದ ಬರೆಯುತ್ತೇವೆ ಎನ್ನುತ್ತಾರೆ. ಬಸ್ಸು ತಿರುವು ದಾಟುವಷ್ಟರಲ್ಲಿ ಅವಳು ಅವರ ಹಾಸಿಗೆಯ ಚಾದರ ಎಳೆಯುತ್ತಿರುತ್ತಾಳೆ.

ಬಾಗಿಲಿನ ಬೆಳಕಿಗೆ ಯಾರೋ ಅಡ್ಡ ಬಂದರು. ತಲೆಯೆತ್ತಿದಳು. ಒಂಬತ್ತನೇ ಕೋಣೆಯಲ್ಲಿದ್ದ ಅತ್ತೆ ಸೊಸೆಯರಲ್ಲಿ ಸೊಸೆ. ಇಸ್ತ್ರಿ ಮಾಡಿ ಮಡಿಸಿದ ಗಂಡಸರ ಅಂಗಿಯೊಂದನ್ನು ತಟ್ಟೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಇದನ್ನ ಒಗೆದಿದ್ದು ಯಾರು?"

"ನಾನೇ ಕಣಮ್ಮ. ಬಣ್ಣ ಏನಾದ್ರೂ ಹೋಯ್ತಾ?"

"ಬಣ್ಣ" ಎಂದಳು ಸೊಸೆ, ಆ ಮಾತನ್ನು ಮೊದಲ ಸಲ ಕೇಳಿದವಳಂತೆ. "ಯಾಕೆ ಒಗೆದ್ರಿ?"

ಏಳು ವರ್ಷದಲ್ಲಿ ಯಾಕೆ ಒಗೆಯಲಿಲ್ಲ ಎಂದು ಕೇಳಿದವರಿದ್ದರು. ಯಾಕೆ ಒಗೆದೆ ಎಂದು ಕೇಳಿದವರಿಲ್ಲ.

"ಮೂರು ವರ್ಷ ಇದು ನೀರು ಕಂಡಿರ್ಲಿಲ್ಲ. ನಮ್ಮನೆಯವರು ರಜೆ ಮುಗಿಸಿ ಯುದ್ಧಕ್ಕೆ ಹೊರಟ ದಿನ ಬೆಳಿಗ್ಗೆ ಬಿಚ್ಚಿಟ್ಟು ಹೋಗಿದ್ದು. ಆಮೇಲೆ ಪೆಟ್ಟಿಗೆ ಬಂತು. ತೆಗೀಬಾರ್ದು ಅಂದ್ರು. ಮುಖ ಕೂಡ ನೋಡಿಲ್ಲ ನಾನು. ಅವರದು ಅಂತ ನಂಗೆ ಉಳಿದಿದ್ದು ಇದರ ವಾಸನೆ ಒಂದೇ." ಸೊಸೆ ಅಂಗಿಯನ್ನು ಮೂಗಿಗೆ ಒತ್ತಿಕೊಂಡು ಇಳಿಸಿದಳು. "ಈಗ ಇದರಲ್ಲಿ ನಿಮ್ಮ ಸೋಪು ಇದೆ."

ಅವಳ ದನಿ ಏರಿರಲಿಲ್ಲ. ಏರಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

"ದಿಂಬಿನ ಕೆಳಗಿತ್ತು. ರಾತ್ರಿಯೆಲ್ಲ ಹುಡುಕಿದೆ, ಬೆಳಿಗ್ಗೆ ಒಗೆದ ಬಟ್ಟೆಗಳ ನಡುವೆ ಸಿಕ್ತು. ನಿನ್ನೆ ಚಾದರ ಬದಲಾಯಿಸಿದ್ದು ನೀವೇ ಅಲ್ವಾ?"

"ನಾನೇ."

"ಹಾಗಾದ್ರೆ ಚಾದರದ ಜೊತೆ ಸುತ್ಕೊಂಡು ಬಂದ್ಬಿಟ್ರಿ. ನಾನಂತೂ ಚೀಲಕ್ಕೆ ಹಾಕಿಲ್ಲ. ನಮ್ಮತ್ತೆ ಅದನ್ನ ಮುಟ್ಟೋರಲ್ಲ."

"ನೋಡ್ತೀನಿ, ತಾಯಿ" ಎಂದಳು ಚಾದರಕ್ಕ.

"ಏನ್ ನೋಡ್ತೀರಿ? ನೋಡೋಕೆ ಏನುಳಿದಿದೆ?" ಎಂದು ಸೊಸೆ ತಿರುಗಿ ಹೊರಟಳು. ಅಂಗಿಯನ್ನು ಈಗ ಒಂದೇ ಕೈಯಲ್ಲಿ, ಬರೀ ಬಟ್ಟೆಯನ್ನು ಹಿಡಿದಂತೆ ಹಿಡಿದಿದ್ದಳು.

ನಿನ್ನೆಯದು ಚಾದರಕ್ಕನಿಗೆ ಎಳೆ ಎಳೆಯಾಗಿ ನೆನಪಿತ್ತು. ಚಾದರ ಎಳೆದಾಗ ದಿಂಬಿನ ಕೆಳಗೆ ಏನೂ ಇರಲಿಲ್ಲ. ಅಂಗಿ ಬಂದದ್ದು ಬಾಗಿಲ ಹಿಡಿಗೆ ತೂಗುಹಾಕಿದ್ದ ಚೀಲದಲ್ಲಿ. ಪ್ರತಿ ಕೋಣೆಗೂ ಕೆಂಪು ದಾರದಲ್ಲಿ ನಂಬರು ಹೊಲಿದ ಒಂದು ಚೀಲ, ಚೀಲದೊಳಗೆ ಏನೇನು ಹಾಕಿದ್ದೇವೆ ಎಂದು ಬರೆದ ಒಂದು ಚೀಟಿ. ಒಂಬತ್ತನೇ ಕೋಣೆಯ ಚೀಟಿಯನ್ನು ದಿನವೂ ಸೊಸೆ ಬರೆಯುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಗುಳಿಗೆಯ ಪೊಟ್ಟಣದ ಮೇಲೆ ಬರೆದಂತೆ ಸಣ್ಣ, ಬಿಡಿಬಿಡಿ ಅಕ್ಷರ. ನಿನ್ನೆಯದು ಬೇರೆ ಕೈಯದು, ಪೆನ್ಸಿಲಿನದು, ದಪ್ಪಕ್ಕೆ, ಗೆರೆಯಿಂದ ಕೆಳಗಿಳಿದಿತ್ತು.

ಚೀಟಿ ಹೋಗಲಿ. ಅಂಗಿಯೇ ಹೇಳುತ್ತಿತ್ತಲ್ಲ. ತೋಳುಗಳನ್ನು ಒಳಮಗ್ಗುಲಾಗಿ ತಿರುವಿದ್ದರು. ಕೊರಳಿನ ಗುಂಡಿ ಬಿಚ್ಚಿದ್ದರು. ಜೇಬು ಖಾಲಿ ಮಾಡಿದ್ದರು. ಕಾಲರಿನ ಒಳಗೆ, ಕುತ್ತಿಗೆ ತಾಗಿ ಕಪ್ಪಾಗಿದ್ದ ಗೆರೆಯ ಉದ್ದಕ್ಕೂ, ಯಾರೋ ಒಣ ಸೋಪನ್ನು ಉಜ್ಜಿದ್ದರು. ಶಾಲೆಗೆ ಹೋಗುವ ಹುಡುಗನ ಅಂಗಿಯನ್ನು ವರ್ಷಗಟ್ಟಲೆ ಒಗೆದ ಕೈ ಮಾತ್ರ ಹಾಗೆ ಉಜ್ಜುತ್ತದೆ, ಯೋಚಿಸದೆ, ಎರಡು ಸಲ ಈಕಡೆ, ಒಂದು ಸಲ ಆಕಡೆ. ಚಾದರಕ್ಕ ಆಗ ಅದನ್ನು ಕಂಡು ಖುಷಿಪಟ್ಟಿದ್ದಳು ಕೂಡ. ಅಚ್ಚುಕಟ್ಟು ಬಲ್ಲವರ ಬಟ್ಟೆ ಎಂದುಕೊಂಡಿದ್ದಳು.

ಇನ್ನೊಂದು ವಿಷಯವಿತ್ತು. ಅದನ್ನು ನೆನೆದಾಗ ಅವಳ ಕೈ ಚೀಲದ ಬಾಯಲ್ಲೇ ನಿಂತಿತು. ಯಂತ್ರಕ್ಕೆ ಹಾಕುವ ಮುಂಚೆ ಎಲ್ಲ ಬಟ್ಟೆಯನ್ನೂ ಒಮ್ಮೆ ಮೂಸಿ ನೋಡುವುದು ಅವಳ ರೂಢಿ. ಎಣ್ಣೆ ಇದ್ದರೆ ಬೇರೆ, ಬೆವರಿದ್ದರೆ ಬೇರೆ, ಮಕ್ಕಳು ಹಾಸಿಗೆ ಒದ್ದೆ ಮಾಡಿದ್ದರೆ ಬೇರೆ. ಅಂಗಿಯನ್ನೂ ಮೂಸಿದ್ದಳು. ನೋವಿನ ಮುಲಾಮು, ಸ್ವಲ್ಪ ಸ್ಪಿರಿಟ್ಟು, ತಲೆಗೂದಲ ಎಣ್ಣೆ. ಒಂಬತ್ತನೇ ಕೋಣೆಯಲ್ಲಿ ಸೊಸೆ ಮಲಗುವ ಎಡಗಡೆ ಮಂಚದ ದಿಂಬಿನ ಚೀಲಕ್ಕೆ ಇದ್ದ ವಾಸನೆಯೇ. ಅದೇ ಚೀಲದಲ್ಲಿ ಆ ದಿಂಬಿನ ಚೀಲವೂ ಇತ್ತು, ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅದಕ್ಕೇ ಅವಳ ಕೈ ತಡೆಯಲಿಲ್ಲ. ಬೇರೆ ಯಾರದಾದರೂ ಮೈಯ ವಾಸನೆ ಇದ್ದಿದ್ದರೆ ಅವಳು ಖಂಡಿತ ನಿಂತು ಕೇಳುತ್ತಿದ್ದಳು.

ಮೂರು ವರ್ಷ ಅಪ್ಪಿಕೊಂಡು ಮಲಗಿದ ಅಂಗಿಯಲ್ಲಿ ಆ ಹುಡುಗಿ ಮೂಸುತ್ತಿದ್ದದ್ದು ತನ್ನನ್ನೇ.

ಚಾದರಕ್ಕ ಸ್ಟೂಲಿನ ಮೇಲೆ ಕೂತಳು. ತನ್ನ ಗಂಡನ ವಾಸನೆ ಹೇಗಿತ್ತು ಎಂದು ನೆನೆಯಲು ನೋಡಿದಳು. ಹೊಗೆಯ ಹೊರತು ಏನೂ ಬರಲಿಲ್ಲ. ಹಿಂದೆಯೂ ಬಂದಿರಲಿಲ್ಲ.

ಹತ್ತೂವರೆಗೆ ಮೇಲ್ವಿಚಾರಕಿ ಬಂದಳು. ಹಳಬರು ಹೋದ ಮೇಲೆ ಬಂದ ಈ ಹುಡುಗಿಗೆ ಮೂವತ್ತೈದು ದಾಟಿರಲಿಕ್ಕಿಲ್ಲ. ಒಳ್ಳೆಯವಳು. ಆದರೆ ಒಳ್ಳೆಯತನವನ್ನೂ ಫೈಲಿನಲ್ಲಿ ಹಾಕಿಡುವವಳು. ಬಂದು ಬಾಗಿಲು ಮುಂದೆ ಮಾಡಿದಳು.

"ಅಕ್ಕ, ಒಂಬತ್ತನೇ ಕೋಣೆಯವರು ಬಂದಿದ್ರು. ಅತ್ತು ಗಲಾಟೆ ಮಾಡಿದ್ರೆ ನಂಗೆ ಸಮಾಧಾನ ಮಾಡೋಕೆ ಗೊತ್ತಿತ್ತು. ಸುಮ್ಮನೆ ಕೂತು ಎದ್ದುಹೋದ್ರು. ಏನಾಯ್ತು ಹೇಳಿ."

"ಅಂಗಿ ಒಗೆದೆ."

"ಅದು ಗೊತ್ತು. ಚೀಲದಲ್ಲಿ ಬಂತಾ, ಚಾದರದ ಜೊತೆ ಬಂತಾ?"

ಚಾದರಕ್ಕ ಟವೆಲೊಂದನ್ನು ಎತ್ತಿಕೊಂಡು ಮಡಿಸತೊಡಗಿದಳು.

"ಚೀಲದಲ್ಲಿ ಬಂದಿದ್ರೆ ಚೀಟಿಯಲ್ಲಿ ಬರೆದಿರತ್ತೆ. ಚೀಟಿ ತೋರಿಸಿದ್ರೆ ನಿಮ್ಮ ತಪ್ಪಲ್ಲ ಅಂತ ಆಯ್ತು. ಅವರೇ ಮರೆತು ಹಾಕಿದ್ದಾರೆ ಅಂತ ನಾನೇ ಕರೆದು ಮೆತ್ತಗೆ ಹೇಳ್ತೀನಿ. ಚೀಟಿ ಇಲ್ಲ ಅಂದ್ರೆ..." ಅವಳು ಮೇಜಿನ ಮೇಲಿದ್ದ ಗುಂಡಿಯೊಂದನ್ನು ತಿರುಗಿಸುತ್ತ ನಿಂತಳು. "ಹೋದ ಚಳಿಗಾಲ ಆ ಉಣ್ಣೆ ಸ್ವೆಟರು ಕುಗ್ಗಿತಲ್ಲ, ಅದು ಬರೆದಿಟ್ಟಿದೆ. ಇದು ಎರಡನೇದಾಗತ್ತೆ. ಸಮಿತಿಯವರು ಮುಂದಿನ ವಾರ ಬರ್ತಾರೆ. ಈ ಕೆಲಸಕ್ಕೆ ಬೇರೆಯವರನ್ನ ಇಡಿ ಅಂದ್ರೆ ನನ್ನ ಕೈಲಿ ಏನೂ ಇರಲ್ಲ. ಕೆಲಸದ ಜೊತೆಗೇ ಈ ಕೋಣೆ ಕೊಟ್ಟಿರೋದು, ನಿಮಗೇ ಗೊತ್ತಲ್ಲ."

"ಗೊತ್ತು."

"ಹೆದರಿಸೋಕೆ ಹೇಳ್ತಿಲ್ಲ, ಅಕ್ಕ. ನಿಮ್ಮ ಕಡೆಯವಳೇ ನಾನು. ಊಟದ ಗಂಟೆ ಹೊಡೆಯೋದ್ರೊಳಗೆ ಚೀಟಿ ಹುಡುಕಿ ತಂದುಕೊಡಿ. ಸಿಗತ್ತೆ ಅಲ್ವಾ?"

"ಹುಡುಕ್ತೀನಿ."

ಹುಡುಕುವುದೇನೂ ಇರಲಿಲ್ಲ. ಗೋಡೆಯ ಕೊಕ್ಕೆಯಲ್ಲಿ ತೂಗುತ್ತಿದ್ದ ತಂತಿಗೆ ದಿನದಿನದ ಚೀಟಿಗಳನ್ನು ಅವಳೇ ಚುಚ್ಚಿಡುತ್ತಿದ್ದಳು. ಮೇಲ್ವಿಚಾರಕಿ ಹೋದ ಮೇಲೆ ಮೇಲಿನ ಹದಿನಾರು ಚೀಟಿ ತೆಗೆದು ಒಂಬತ್ತನೇ ಕೋಣೆಯದನ್ನು ಬಿಡಿಸಿಕೊಂಡಳು. ಟವೆಲು ಎರಡು. ದಿಂಬಿನ ಚೀಲ ಎರಡು. ಅಂಗಿ ಒಂದು. ಕೊನೆಯ ಸಾಲನ್ನು ಬರೆಯುವಾಗ ಪೆನ್ಸಿಲಿನ ಮೊನೆ ಮುರಿದಿತ್ತು. 'ಒಂದು' ಎನ್ನುವುದನ್ನು ಮೊಂಡು ಮೊನೆಯಿಂದಲೇ, ಒತ್ತಿ, ಮುಗಿಸಿದ್ದರು.

ಚೀಟಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಮೊದಲು ಒದ್ದೆ ಬಟ್ಟೆ ಹರವಿ, ಹಾಗೆಯೇ ಕಚೇರಿಗೆ ಹೋಗಿ ಕೊಟ್ಟುಬಿಡುವುದು ಎಂದುಕೊಂಡು ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಹಿತ್ತಲಲ್ಲಿ ಅಡುಗೆಯವನು ಮೊರ ಹಿಡಿದು ಬೇಳೆ ಆರಿಸುತ್ತಿದ್ದ. "ಏನು ಚಾದರಕ್ಕ, ಮುಖ ಹಿಂಡಿದ ಬಟ್ಟೆ ಹಾಗಿದೆ" ಎಂದ. "ಒಂಬತ್ತನೇ ಕೋಣೆಯವರು ಬೆಳಿಗ್ಗೆ ತಿಂಡಿ ಮುಟ್ಟಿಲ್ಲ, ಗೊತ್ತಾ? ನಿನ್ನೆ ಎರಡೆರಡು ಸಲ ಹಾಕಿಸ್ಕೊಂಡಿದ್ರು. ಅವರು ಅತ್ತೆ ಸೊಸೆ ಅಂದ್ರೆ ನಂಗೆ ನಂಬಿಕೆಯೇ ಇಲ್ಲ. ಎಂಟು ದಿನ ಆಯ್ತು, ಒಂದು ಜಗಳ ಇಲ್ಲ. ನಮ್ಮನೇಲಿ ಎಂಟು ನಿಮಿಷ ಸಾಕು."

"ನಿಮ್ಮನೇಲಿ ಜಗಳ ಹಚ್ಚೋನು ನೀನೇ ಇರ್ಬೇಕು."

"ಹಚ್ಚೋದು ನಾನು, ಆರಿಸೋದೂ ನಾನೇ. ಅದಕ್ಕೇ ಅಡುಗೆಯವನಾದೆ" ಎಂದು ಮೊರ ಕೊಡವಿಕೊಂಡು ಒಳಗೆ ಹೋದ.

ಮೂರನೇ ಸಾಲಿನ ಹಗ್ಗಕ್ಕೆ ಚಾದರ ಹಾಕುತ್ತಿದ್ದಾಗ ಅದರ ಆಚೆ ಬದಿಯ ಅಂಚನ್ನು ಯಾರೋ ಹಿಡಿದು ನೇರ ಮಾಡಿದರು. ಚಾದರದ ಕೆಳಗೆ ಕ್ಯಾನ್ವಾಸ್ ಚಪ್ಪಲಿ ಹಾಕಿದ ಎರಡು ಸಣಕಲು ಕಾಲು ಕಾಣುತ್ತಿದ್ದವು. ಒಂಬತ್ತನೇ ಕೋಣೆಯ ಅತ್ತೆ. ಅರವತ್ತೈದರ ಮೇಲಿನ ಹೆಂಗಸು. ಎಂಟು ದಿನದಲ್ಲಿ ಇಬ್ಬರೂ ಚಳಿ, ಬಿಸಿನೀರು, ಇಷ್ಟು ಬಿಟ್ಟರೆ ಮಾತಾಡಿರಲಿಲ್ಲ.

"ಆ ಕ್ಲಿಪ್ಪು ಇತ್ಲಾಗೆ ಕೊಡು" ಎಂದಳು ಮುದುಕಿ. ಕೊಟ್ಟಳು. ಇಬ್ಬರೂ ಎರಡು ಚಾದರ ಹರವಿದರು. ಮೂರನೆಯದಕ್ಕೆ ಮುದುಕಿ ಕೈ ಹಾಕಿ ಹಾಗೇ ನಿಂತಳು.

"ನಾನೇ ಹಾಕಿದ್ದು."

"ಗೊತ್ತಮ್ಮ."

"ಹೇಗೆ ಗೊತ್ತು?"

"ಕಾಲರಿಗೆ ಸೋಪು ಉಜ್ಜಿದ್ರಿ."

ಮುದುಕಿ ತನ್ನ ಕೈಯನ್ನು ನೋಡಿಕೊಂಡಳು. "ಉಜ್ಜಿದ್ನಾ?" ಎಂದಳು. "ನೋಡು, ನಂಗೇ ಗೊತ್ತಿಲ್ಲ."

ಚಾದರಗಳ ನಡುವೆ ಗಾಳಿ ಬರುತ್ತಿತ್ತು, ಒದ್ದೆ ಬಟ್ಟೆಯ ತಂಪು ಇಬ್ಬರ ಮುಖಕ್ಕೂ ತಾಗುತ್ತಿತ್ತು. ಮುದುಕಿ ದನಿ ತಗ್ಗಿಸದೆ, ಹೆಚ್ಚಿಸದೆ ಹೇಳುತ್ತ ಹೋದಳು.

"ಮೂರು ವರ್ಷ ಅವಳು ನಂಗೆ ಅದನ್ನ ಮುಟ್ಟೋಕೆ ಬಿಟ್ಟಿಲ್ಲ. ತಪ್ಪು ಅಂತಲ್ಲ. ಗಂಡ ಅವಳಿಗೆ. ಆದ್ರೆ ಒಂಬತ್ತು ತಿಂಗಳು ಹೊತ್ತಿದ್ದು ನಾನು ತಾನೇ? ಒಂದು ದಿನ, ಒಂದೇ ಒಂದು ದಿನ, ತಗೊಳ್ಳಿ ಅತ್ತೆ, ನೀವೂ ಒಂಚೂರು ಹಿಡ್ಕೊಳ್ಳಿ ಅಂತ ಅಂದಿದ್ರೆ... ಅನ್ನಲಿಲ್ಲ. ನಾನೂ ಕೇಳಲಿಲ್ಲ. ಕೇಳಿ ಕೊಡ್ಲಿಲ್ಲ ಅಂದ್ರೆ ಒಂದೇ ಮನೇಲಿ ಹೇಗಿರೋದು? ಮೂರು ದಿನದ ಹಿಂದೆ ಅವಳು ಕೆರೆ ಸುತ್ತೋಕೆ ಹೋಗಿದ್ಲು. ಕದ್ದು ತೆಗೆದೆ. ಮುಖಕ್ಕೆ ಇಟ್ಕೊಂಡೆ."

ಚಾದರಕ್ಕ ಕ್ಲಿಪ್ಪು ಹಾಕುವುದನ್ನು ನಿಲ್ಲಿಸಿದಳು.

"ನನ್ನ ಮಗ ಇರ್ಲಿಲ್ಲ ಅದರಲ್ಲಿ. ಬರೀ ಅವಳೇ ಇದ್ಲು. ಹೆತ್ತವಳಿಗೆ ಗೊತ್ತಾಗಲ್ವಾ? ಪೂರ್ತಿ ಅವಳೇ. ಯಾವತ್ತೋ ಹೋಗ್ಬಿಟ್ಟಿದಾನೆ, ಇವಳು ತನ್ನನ್ನ ತಾನೇ ತಬ್ಬಿಕೊಂಡು ಮಲಗ್ತಾ ಇದಾಳೆ." ಮುದುಕಿ ಮೂಗು ಒರೆಸಿಕೊಂಡಳು. "ಮೂವತ್ತೊಂದು ವಯಸ್ಸು ಅವಳಿಗೆ. ಎರಡು ದಿನ ನೋಡಿದೆ. ಆಮೇಲೆ ಚೀಲಕ್ಕೆ ಹಾಕ್ಬಿಟ್ಟೆ. ಅಯ್ಯೋ ಪಾಪ ಅಂತ ಹಾಕಿದ್ನೋ, ಹೊಟ್ಟೆಕಿಚ್ಚಿಗೆ ಹಾಕಿದ್ನೋ, ನಂಗೇ ತಿಳೀದು. ಎರಡೂ ಇತ್ತು ಅಂತ ಕಾಣತ್ತೆ."

"ಅವರಿಗೆ ಹೇಳಿದ್ರಾ?"

"ಹೇಳ್ತೀನಿ. ನಿನ್ನ ಮೇಲೆ ಬರಬಾರ್ದು." ಹೇಳುತ್ತೇನೆ ಎಂದವಳು ಹಗ್ಗವನ್ನು ಹಿಡಿದುಕೊಂಡಳು. "ಬೆಳಿಗ್ಗೆ ಅವಳು ಏನಂದ್ಲು ಗೊತ್ತಾ? ಅತ್ತೆ, ನಿಮ್ಮನ್ನ ಬಿಟ್ರೆ ಇನ್ನು ನಂಗೆ ಅವರದು ಅಂತ ಏನೂ ಇಲ್ಲ ಅಂದ್ಲು. ಬಂದು ನನ್ನ ಪಕ್ಕ ಮಲಕ್ಕೊಂಡ್ಲು. ಮೂರು ವರ್ಷದಲ್ಲಿ ಮೊದಲ ಸಲ. ನಾನು ಕಲ್ಲಿನ ಹಾಗೆ ಬಿದ್ದಿದ್ದೆ. ಆಗ ಹೇಳೋಕೆ ಬಾಯಿ ಬರ್ಲಿಲ್ಲ. ಹೇಳಿದ್ರೆ ಅವಳು ನನ್ನ ಹತ್ರ ಇರಲ್ಲಮ್ಮ. ತವರಲ್ಲಿ ಯಾರೂ ಇಲ್ಲ. ಆದ್ರೂ ಇರಲ್ಲ. ನಮ್ಮಿಬ್ಬರಿಗೂ ಇರೋದು ಒಂದೇ ಒಲೆ." ಹಗ್ಗ ಬಿಟ್ಟು ಇವಳ ಕಡೆ ತಿರುಗಿ, "ಆದ್ರೂ ಹೇಳ್ತೀನಿ. ಇವತ್ತೇ ಹೇಳ್ತೀನಿ. ನಿಂಗೇನಾದ್ರೂ ತೊಂದರೆಯಾಗತ್ತಾ ಇದರಿಂದ?"

ಜೇಬಿನಲ್ಲಿದ್ದ ಚೀಟಿ ಏಪ್ರನ್ನಿನ ಬಟ್ಟೆಗಿಂತ ಸ್ವಲ್ಪ ಗಡುಸಾಗಿ ತೊಡೆಗೆ ತಾಗುತ್ತಿತ್ತು.

"ನಂಗೇನು ತೊಂದರೆ? ಒಗೆಯೋಳಿಗೆ ಮಾತು ಬರೋದು ಇದ್ದಿದ್ದೇ" ಎಂದಳು ಚಾದರಕ್ಕ. "ಹೊತ್ತಾಯ್ತು. ಹೋಗಿ, ಏನಾದ್ರೂ ತಿನ್ನಿ. ಅವರಿಗೂ ತಿನ್ಸಿ. ಹೇಳೋದು ಕೇಳೋದು ಎಲ್ಲಾ ಹೊಟ್ಟೆ ತುಂಬಿದ ಮೇಲೆ."

ಮುದುಕಿ ಚಾದರದ ಸುಕ್ಕೊಂದನ್ನು ಅಂಗೈಯಿಂದ ಎರಡು ಸಲ ಈಕಡೆ, ಒಂದು ಸಲ ಆಕಡೆ ಸವರಿ ಹೋದಳು.

ಬುಟ್ಟಿ ಖಾಲಿಯಾದ ಮೇಲೂ ಚಾದರಕ್ಕ ಅಲ್ಲೇ ಇದ್ದಳು. ಎರಡು ಚಾದರಗಳ ಸಂದಿಯಿಂದ ಒಂಬತ್ತನೇ ಕೋಣೆಯ ಹೊರಗಿನ ಬೆಂಚು ಕಾಣುತ್ತಿತ್ತು. ಸೊಸೆ ಕೂತಿದ್ದಳು, ಅಂಗಿ ಪಕ್ಕದಲ್ಲಿತ್ತು. ಮುದುಕಿ ಹೋಗಿ ಆಕಡೆ ಕೂತಳು. ನಡುವೆ ಅಂಗಿ. ಆಮೇಲೆ ಸೊಸೆ ಅಂಗಿಯನ್ನು ಎತ್ತಿ, ಒಂದು ಕ್ಷಣ ಹಿಡಿದುಕೊಂಡಿದ್ದು, ಮುದುಕಿಯ ಮಡಿಲಿಗಿಟ್ಟಳು. ಏನಾದರೂ ಹೇಳಿದಳೋ ಇಲ್ಲವೋ, ಇಷ್ಟು ದೂರಕ್ಕೆ ಕೇಳುವಂತಿರಲಿಲ್ಲ. ಮುದುಕಿ ಅಂಗಿಯ ಮೇಲೆ ಎರಡೂ ಕೈ ಇಟ್ಟುಕೊಂಡು ತಲೆ ತಗ್ಗಿಸಿದಳು. ಅವಳ ಭುಜ ಅಲುಗಿದಾಗ ಸೊಸೆ ಸರಿದು ಹತ್ತಿರ ಕೂತಳು.

ಚಾದರಕ್ಕ ಕಣ್ಣು ತೆಗೆದಳು. ಬೇರೆಯವರ ಮನೆಯ ಕಿಟಕಿಯಲ್ಲಿ ಇಣುಕಿದಂತಾಗಿತ್ತು.

ಒಗೆಯುವ ಕೋಣೆಗೆ ಬಂದಾಗ ಊಟದ ಗಂಟೆಗೆ ಇನ್ನೂ ಅರ್ಧ ತಾಸಿತ್ತು. ಹಿಂದಿನ ತನ್ನ ಕೋಣೆಯ ಬಾಗಿಲು ತೆರೆದೇ ಇತ್ತು. ಮಂಚ, ಒಂದು ಕುರ್ಚಿ, ಗೋಡೆಗೆ ಆನಿಸಿದ ಕನ್ನಡಿ, ಹೊರಟವರು ಮರೆತುಹೋದ ಹೂಕುಂಡ. ಏಳು ವರ್ಷದಲ್ಲಿ ಕೂಡಿದ್ದು ಇಷ್ಟೇನಾ ಎನಿಸಿತು. ಕೂಡಿಸಿಕೊಂಡರೆ ಒಂದು ಚೀಲ ಆಗಬಹುದು. ನಂಬರು ಹೊಲಿಯದ ಚೀಲ. ಎಲ್ಲಿಗೆ ಎಂದು ಕೇಳಿದರೆ ಈಗಲೂ ಹೇಳುವುದಕ್ಕೆ ಊರಿದೆ, ಮನೆಯಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಒಲೆಯ ಮುಂದೆ ಒಬ್ಬಳೇ ಕೂತರೆ ಹೇಗಿರುತ್ತದೆ ಎನ್ನುವುದೂ ಗೊತ್ತಿತ್ತು.

ಯಂತ್ರದ ಪಕ್ಕದ ಬುಟ್ಟಿಯಲ್ಲಿ ಅಡುಗೆಮನೆಯ ಏಪ್ರನ್ನುಗಳು ಕಾಯುತ್ತಿದ್ದವು. ಒಂದೊಂದನ್ನೇ ಹೊರಗೆಳೆದು, ಜೇಬು ನೋಡಿದಳು. ಅಡುಗೆಯವನದರಲ್ಲಿ ಎರಡು ಬೇಳೆಕಾಳು. ತೆಗೆದು ಅವನ ಬಟ್ಟಲಿಗೆ ಹಾಕಿದಳು. ಎಲ್ಲವನ್ನೂ ಯಂತ್ರದೊಳಗಿಟ್ಟು, ಸೋಪಿನ ಪುಡಿ ಅಳೆದು ಹಾಕಿದಳು.

ಆಮೇಲೆ ಬೆನ್ನ ಹಿಂದೆ ಕೈ ಹಾಕಿ ತನ್ನ ಏಪ್ರನ್ನಿನ ಗಂಟು ಬಿಚ್ಚಿದಳು. ಅದನ್ನು ಎರಡಾಗಿ ಮಡಿಸಿ, ಜೇಬಿಗೆ ಕೈ ಹಾಕದೆ, ಉಳಿದವುಗಳ ಮೇಲಿಟ್ಟು ಬಾಗಿಲು ಒತ್ತಿ ಮುಚ್ಚಿದಳು.

ಯಂತ್ರದ ಗುಂಡಿ ತಿರುವಿದಳು. ನೀರು ಬಿಡುವ ಸದ್ದಾಯಿತು. ಗಾಜಿನ ಹಿಂದೆ ಅದು ಮೆಲ್ಲಗೆ ಏರುವುದನ್ನು ನೋಡುತ್ತ ನಿಂತಳು. ಸಂಜೆ ಕೂತು ಆ ಬಿಳಿಯ ಹೊಟ್ಟನ್ನು ಬಿಡಿಸಬೇಕು, ಒಂದೊಂದಾಗಿ. ಬಹಳ ಹೊತ್ತು ಹಿಡಿಯುತ್ತದೆ. ಅದಕ್ಕೂ ಮೊದಲು ಕಚೇರಿಗೆ ಹೋಗಬೇಕು. ಹೇಳಬೇಕಾದ ಮಾತು ಸಣ್ಣದು. ಬಾಯಲ್ಲಿ ಒಮ್ಮೆ ಹೇಳಿಕೊಂಡು ನೋಡಿದಳು: ಚಾದರದ ಜೊತೆ ಬಂದುಬಿಟ್ಟಿತ್ತು, ನಾನೇ ನೋಡಲಿಲ್ಲ.

ಗಂಟೆ ಹೊಡೆಯಿತು. ತಲೆಗೂದಲು ಸರಿಮಾಡಿಕೊಂಡು ಅವಳು ಕಚೇರಿಯ ಕಡೆ ಹೊರಟಳು.